ಗೊರೇಬಾಳದಿಂದ ತಂದ ಎಂಜಲು

ಸಿಂಧನೂರು
16 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಗಂಗಾ,

ಹೀಗೆ ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ. ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಹಳೆಯ ರೂಢಿಯಂತೆ ಬರೆದುಬಿಟ್ಟೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಬಳಗಾನೂರಿನ ನಿನ್ನ ಶಾಲೆಯ ಗೇಟಿನ ತನಕ ಎರಡು ಸಲ ಬಂದೆ. ಎರಡೂ ಸಲ ಒಳಗಿನಿಂದ ನಿನ್ನ ದನಿ ಕೇಳಿತು, ನೀನು ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಅಲ್ಲಿಂದಲೇ ತಿರುಗಿ ಬಂದೆ. ಅದಕ್ಕೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಓದದೆ ಹರಿಯಬೇಡ. ಇದರಲ್ಲಿ ನಿಮ್ಮಪ್ಪ ನಿನಗೆ ಹೇಳಿ ಕಳಿಸಿದ ಮಾತಿದೆ. ನನಗಾಗಿ ಬೇಡ, ಅದಕ್ಕಾಗಿ ಓದು.

ಹೈದರಾಬಾದಿನ ಕೆಲಸ ಬಿಟ್ಟು ಒಂದು ತಿಂಗಳಾಯಿತು. ತಮ್ಮ ಭೀಮೇಶನ ಮನೆಯಲ್ಲಿದ್ದೇನೆ, ಅಕ್ಕಿ ಗಿರಣಿಯ ಹಿಂದಿನ ಓಣಿ. ದಿನವಿಡೀ ತೌಡಿನ ಧೂಳು ಕಿಟಕಿಯಿಂದ ಬಂದು ಮೇಜಿನ ಮೇಲೆ ಕೂರುತ್ತದೆ. ಒರೆಸುತ್ತೇನೆ, ಮತ್ತೆ ಕೂರುತ್ತದೆ. ಸದ್ಯಕ್ಕೆ ನನಗಿರುವ ಕೆಲಸ ಅದೊಂದೇ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ಹುಟ್ಟುಗಿವುಡು ಒಂದು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತದೆ ಎಂದು ಹುಡುಕುವುದು ನನ್ನ ಸಂಶೋಧನೆಯಾಗಿತ್ತು. ಕಾಲುವೆ ಸೀಮೆಯ ಊರುಗಳಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದವಳು ನಾನು. ನಿಮ್ಮಣ್ಣ ಚನ್ನವೀರನ ಮಗಳು ಅಶ್ವಿನಿ ಕಣ್ಣ ಮುಂದಿದ್ದಳು. ಹಿಂದಿನಿಂದ ಎಷ್ಟು ಕೂಗಿದರೂ ತಿರುಗದೆ ಅಂಗಳದಲ್ಲಿ ಕೋಳಿಯ ಬೆನ್ನಟ್ಟಿ ಓಡುತ್ತಿದ್ದ ಆ ಕೂಸಿಗೆ ಏನಾದರೂ ಮಾಡಬೇಕು ಎಂದು ನಾವಿಬ್ಬರೂ ನಿಮ್ಮ ಕಟ್ಟೆಯ ಮೇಲೆ ಕೂತು ಮಾತಾಡಿದ್ದು ನಿನಗೆ ನೆನಪಿರಬಹುದು. ಜನವರಿಯಲ್ಲಿ ನೀನು ನಾಲ್ಕು ದಿನ ರಜೆ ಹಾಕಿ ನನ್ನ ಜೊತೆ ಗೊರೇಬಾಳದ ಮನೆಮನೆಗೆ ಬಂದೆ. ನೀನು ಬಂದದ್ದರಿಂದ ಬಾಗಿಲು ತೆರೆದವು. ಊರಿನವರು ನಂಬಿದ್ದು ಟೀಚರಮ್ಮನನ್ನು, ನನ್ನನ್ನಲ್ಲ.

ಪುಟ್ಟ ನಳಿಕೆಯೊಳಗೆ ಉಗುಳಿ ಕೊಡಬೇಕು ಎಂದಾಗ ಎಲ್ಲರೂ ನಕ್ಕರು. ನಿಮ್ಮವ್ವ ನಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು, "ನನ್ನ ಎಂಜಲು ನಿನ್ನ ಕೈಯಾಗ ಕೊಡ್ಲೇನು? ಪಾಪ ಹತ್ತತೈತಿ ತಂಗಿ" ಅಂದರು. ಕಾಲೇಜಿನ ದಿನಗಳಲ್ಲಿ ನಿನ್ನ ಹಿಂದೆ ಮೊದಲ ಸಲ ನಿಮ್ಮ ಮನೆಗೆ ಬಂದಾಗ ನಾನು ಹೊರಗಿನ ಪಡಸಾಲೆಯಲ್ಲೇ ನಿಂತಿದ್ದೆ. ನಮ್ಮಂಥವರು ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಿಮ್ಮವ್ವ ಬಂದು ಕೈ ಹಿಡಿದು ಅಡಿಗೆಮನೆಯೊಳಗೆ ಕೂರಿಸಿ, ನಿನ್ನ ಪಕ್ಕದಲ್ಲೇ ಗಂಗಾಳ ಇಟ್ಟು ರೊಟ್ಟಿ ಬಡಿಸಿದ್ದರು. ಅಂಥವರು ತಮ್ಮ ಎಂಜಲು ನನ್ನ ಕೈ ಮುಟ್ಟಬಾರದು ಎಂದು ಹಿಂಜರಿಯುತ್ತಿದ್ದರು.

ನೀನು ಒಪ್ಪಿಗೆಯ ಫಾರಂ ಓದಿ ಹೇಳಿ, ಸಹಿ ಹಾಕುವ ಜಾಗ ತೋರಿಸಿ, ಪಕ್ಕದ ಮನೆಗೆ ಹೋದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ನಿಮ್ಮವ್ವ ನಳಿಕೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. "ಇದರಾಗ ಕಿವಿದಷ್ಟ ತಿಳೀತೈತೇನು, ಮತ್ತೇನರ ತಿಳೀತೈತೇನು?" ಎಂದು ಕೇಳಿದರು. ಕಿವಿಯದಷ್ಟೇ ಅಂದೆ. ಮತ್ತೆ, "ಹಳೇದು ಏನೂ ತಿಳಿಯಂಗಿಲ್ಲ, ಹೌದಿಲ್ಲ?" ಅಂದರು. ನಾನು ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು, ಗಂಗಾ. ಅರವತ್ತೆರಡು ವರ್ಷದ ಹೆಂಗಸು ಹಾಗೆ ಕೇಳಿದಾಗ ಏನು ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ಮುಖದಲ್ಲಿ ತೋರಿಸಲಿಲ್ಲ. "ಏನೂ ತಿಳಿಯಂಗಿಲ್ಲವ್ವಾ, ನೀವು ಚಿಂತಿ ಮಾಡಬ್ಯಾಡ್ರಿ" ಅಂದೆ. ನನ್ನ ಮೇಲೆ ಭರವಸೆ ಇಟ್ಟು ಉಗುಳಿ ಕೊಟ್ಟರು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಅಶ್ವಿನಿಯ ಕಿವುಡಿಗೆ ಕಾರಣವಾದ ವಂಶವಾಹಿ ಸಿಕ್ಕಿತು. ಒಂದು ಪ್ರತಿ ಅವಳ ತಾಯಿಯ ಕಡೆಯಿಂದ, ಇನ್ನೊಂದು ಚನ್ನವೀರನಿಂದ, ಅವನಿಗೆ ನಿಮ್ಮವ್ವನಿಂದ. ನಾವು ಹುಡುಕಿದ್ದು ಇಷ್ಟೇ. ಆದರೆ ಲೆಕ್ಕ ಹಾಕುವ ತಂತ್ರಾಂಶ ಕೇಳದೇ ಇನ್ನೊಂದು ಕೆಲಸ ಮಾಡುತ್ತದೆ. ಮಾದರಿಗಳು ಅದಲುಬದಲಾಗಿವೆಯೇ ಎಂದು ನೋಡಲು ತಂದೆ, ತಾಯಿ, ಮಗು ಮೂವರನ್ನೂ ಹೊಂದಿಸಿ ನೋಡುತ್ತದೆ. ಚನ್ನವೀರನ ಸಾಲಿನ ಮುಂದೆ, "ಫಾದರ್: ನೋ ಮ್ಯಾಚ್" ಎಂದು ಕೆಂಪು ಅಕ್ಷರದಲ್ಲಿ ಬಂತು, ನಿಮ್ಮಪ್ಪನ ಮಾದರಿಗೆ ಅವನದು ಹೊಂದಲಿಲ್ಲ. ನಳಿಕೆಗಳು ಅದಲುಬದಲಾಗಿರಲಿಲ್ಲ. ಎರಡು ಸಲ ನೋಡಿದೆ. ಆ ಕಾಲಂ ಅಳಿಸಿಹಾಕಬೇಕಿತ್ತು. ಪ್ರಬಂಧ ಬರೆಯುವಾಗ ಬೇಕಾಗಬಹುದು ಎಂದು ಉಳಿಸಿಕೊಂಡೆ.

ಫಲಿತಾಂಶವಿದ್ದ ಆನ್‌ಲೈನ್ ಹಾಳೆಯಲ್ಲಿ ಹೆಸರುಗಳಿರಲಿಲ್ಲ, ಬರೀ ನಂಬರುಗಳಿದ್ದವು. ಜುಲೈಯಲ್ಲಿ ಮತ್ತೊಮ್ಮೆ ಮನೆಗಳಿಗೆ ಹೋಗಿ ಕಿವಿಯ ಪರೀಕ್ಷೆ ಮಾಡಬೇಕಾಯಿತು. ನಮ್ಮ ಪರವಾಗಿ ಊರೂರು ತಿರುಗುತ್ತಿದ್ದವರು ಲಿಂಗಸುಗೂರಿನ ಆನಂದಕುಮಾರ. ಮೂವತ್ತು ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದು ನಿವೃತ್ತರಾದವರು, ನೀನು ನೋಡಿದ್ದೀಯ. ನಂಬರಿನಿಂದ ಮನೆ ಹುಡುಕುವುದು ಹೇಗೆ ಎಂದು ಕೇಳಿದರು. ಅದೇ ಹಾಳೆಯಲ್ಲಿ ನಂಬರಿನ ಪಕ್ಕ ಹೆಸರು, ಊರು, ಫೋನು ಸೇರಿಸಿದೆ. ಸಂಸ್ಥೆಯ ಖಾತೆ ಇಲ್ಲದವರಿಗೆ ಆ ಹಾಳೆ ಕಾಣುವುದಿಲ್ಲ. "ಮೇಡಂ, ನನ್ನ ಫೋನಿನ್ಯಾಗ ತೆರಿಯವಲ್ದು ರೀ" ಎಂದು ಅವರು ಮೂರು ಸಲ ಫೋನು ಮಾಡಿದರು. ನಾನು ಅವಸರದಲ್ಲಿದ್ದೆ. ಜನರ ವಂಶವಾಹಿಯ ಮಾಹಿತಿಯನ್ನು ಹೇಗೆ ಗುಟ್ಟಾಗಿ ಕಾಪಾಡಬೇಕು ಎಂದು ಹೊಸದಾಗಿ ಸೇರಿದವರಿಗೆ ಆ ದಿನ ಪಾಠ ಹೇಳುವವಳು ನಾನೇ ಆಗಿದ್ದೆ. ಲಿಂಕ್ ಇದ್ದ ಯಾರು ಬೇಕಾದರೂ ನೋಡುವಂತೆ ಒಂದು ಗುಂಡಿ ಒತ್ತಿ, ಲಿಂಕ್ ಕಳಿಸಿ, ಪಾಠಕ್ಕೆ ಹೋದೆ. ಸಂಜೆ ಮುಚ್ಚಿದರಾಯಿತು ಅಂದುಕೊಂಡೆ. ಮುಚ್ಚಲಿಲ್ಲ. ಹತ್ತೊಂಬತ್ತು ದಿನ ಅದು ತೆರೆದೇ ಇತ್ತು.

ಆನಂದಕುಮಾರ ಅದನ್ನು ಊರಿನ ಇಬ್ಬರಿಗೆ ಕಳಿಸಿದರು, ಫೋನು ನಂಬರು ಸರಿಯಿದೆಯೇ ನೋಡಿ ಎಂದು. ಅವರಿಂದ ಊರಿನ ಗ್ರೂಪಿಗೆ ಹೋಯಿತು. ಇಪ್ಪತ್ತನೆಯ ದಿನ ಮಧ್ಯಾಹ್ನ ನಾನು ಹಾಳೆ ತೆರೆದೆ. ಯಾರು ಯಾರು ನೋಡುತ್ತಿದ್ದಾರೆ ಎಂದು ಮೇಲ್ಗಡೆ ಕಾಣಿಸುತ್ತದೆ. ಹೆಸರು ಗೊತ್ತಿಲ್ಲದವರಿಗೆ ಒಂದೊಂದು ಪ್ರಾಣಿಯ ಚಿತ್ರ ಬರುತ್ತದೆ. ಒಂಟೆ, ಆಮೆ, ಬಾವಲಿ, ನರಿ, ಹೀಗೆ ಉದ್ದಕ್ಕೂ. ಎಣಿಸಿದೆ, ಇಪ್ಪತ್ತೊಂದು. ನನ್ನ ತಂಡದಲ್ಲಿದ್ದವರು ಐದು ಮಂದಿ. ಅವೆಲ್ಲ ಅಲುಗಾಡದೆ ಒಂದೇ ಕಡೆ ಇದ್ದವು. ಗೊರೇಬಾಳದ ಕಟ್ಟೆಗಳ ಮೇಲೆ, ಚಹಾದ ಅಂಗಡಿಯಲ್ಲಿ ಕೂತ ಜನ ನಿಮ್ಮ ಮನೆಯ ಸಾಲನ್ನು ಓದುತ್ತಿದ್ದರು. ಮುಚ್ಚಿದೆ. ಅಷ್ಟರಲ್ಲಿ ಫೋಟೋ ತೆಗೆದು ಹಂಚಿಯಾಗಿತ್ತು.

ಮುಂದಿನದು ನೀನೇ ಫೋನಿನಲ್ಲಿ ಹೇಳಿದ್ದು. ಭತ್ತದ ಗೊಬ್ಬರ ತರಲು ಸಿಂಧನೂರಿಗೆ ಹೋಗಿದ್ದ ಚನ್ನವೀರನಿಗೆ ನಿಮ್ಮ ದೊಡ್ಡಪ್ಪನ ಮಗ ಬಸವಲಿಂಗ ಅಂಗಡಿಯಲ್ಲೇ ಫೋನು ತೋರಿಸಿ, "ಅಣ್ಣಾ, ಇದು ನಿಮ್ಮ ಮನೀದ ಏನು? ಏನು ಬರದಾರ ಇದರಾಗ?" ಎಂದು ಕೇಳಿದ. ಚನ್ನವೀರ ಗೊಬ್ಬರ ಅಲ್ಲೇ ಬಿಟ್ಟು ಮನೆಗೆ ಬಂದ. ಶೇಂಗಾಕಾಯಿ ಸುಲಿಯುತ್ತಿದ್ದ ಅವ್ವನ ಮುಂದೆ ನಿಂತು, "ಯವ್ವಾ, ನಾ ಯಾರ ಮಗ?" ಅಂದ. ನಿಮ್ಮವ್ವ ತಲೆ ಎತ್ತಲಿಲ್ಲ. ಮಡಿಲಿನ ಕಾಯಿಯನ್ನೆಲ್ಲ ಸುಲಿದು ಮುಗಿಸಿ, ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಸ್ಕಿಗೆ, ನಿನ್ನ ಚಿಗವ್ವನ ಮನೆಗೆ ಹೋದರು. ಚನ್ನವೀರ ಹೆಂಡತಿ ಮಗಳನ್ನು ಕರೆದುಕೊಂಡು ಸಿಂಧನೂರಿನಲ್ಲಿ ಬಾಡಿಗೆ ಮನೆ ಹಿಡಿದ.

ಆಗಸ್ಟ್ ಇಪ್ಪತ್ತರಂದು ನೀನು ಫೋನು ಮಾಡಿದೆ. ಬಯ್ಯುತ್ತೀಯ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. "ಅನು, ನೀ ಒಂದ ಕಾಗದ ಬರದ ಕೊಡು. ಪರೀಕ್ಷಾ ತಪ್ಪಾಗೈತಿ, ನಳಿಗಿ ಅದಲಿಬದಲಿ ಆಗ್ಯಾವ ಅಂತ ಬರದು ನಿಮ್ಮ ಆಫೀಸಿನ ಶಿಕ್ಕಾ ಹಾಕು. ನಾಕ ಸಾಲು ಸಾಕು. ನಾ ಗ್ರೂಪಿನ್ಯಾಗ ಹಾಕತೀನಿ. ಅವ್ವನ್ನ ಕರಕೊಂಡು ಬರತೀನಿ." ನಾನು ಇಲ್ಲದ್ದನ್ನು ಬರೆಯಲಾರೆ ಅಂದೆ. ವಿಜ್ಞಾನ, ಸತ್ಯ ಎಂದೇನೋ ಹೇಳಿದೆ. ಆ ಶಬ್ದಗಳನ್ನು ಈಗ ನೆನೆದರೆ ನನಗೆ ನನ್ನ ದನಿಯೇ ಅಸಹ್ಯ. "ನಮ್ಮವ್ವಗಿಂತ ನಿನ್ನ ಹಾಳಿ ದೊಡ್ಡದಾತೇನ ಬೇ?" ಎಂದು ಕೇಳಿ ನೀನು ಫೋನು ಇಟ್ಟೆ. ಅದೇ ನಮ್ಮ ಕೊನೆಯ ಮಾತು.

ಸತ್ಯಕ್ಕಾಗಿ ನಾನು ನಿರಾಕರಿಸಲಿಲ್ಲ, ಗಂಗಾ. ಆ ವಾರ ಸಂಸ್ಥೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ಹೊರಗೆ ನನ್ನ ಕೈಯಿಂದ ಇನ್ನೊಂದು ಕಾಗದ ಹೋದರೆ ಕೆಲಸ ಹೋಗುತ್ತಿತ್ತು. ಅದೇ ವಿಚಾರಣೆಯಲ್ಲಿ, ಲಿಂಕ್ ಹೊರಗೆ ಹೋದದ್ದು ಆನಂದಕುಮಾರ ಅವರ ತಪ್ಪಿನಿಂದ ಎಂದು ಬರೆದ ವರದಿಗೆ ನಾನು ಸಹಿ ಹಾಕಿದೆ. ತೆರೆದವಳು ನಾನು ಎಂದು ಬಾಯಿ ಬಿಡಲಿಲ್ಲ. ಅವರನ್ನು ತೆಗೆದುಹಾಕಿದರು. ಕಳೆದ ತಿಂಗಳು ಕ್ಷಮೆ ಕೇಳಲು ಲಿಂಗಸುಗೂರಿಗೆ ಹೋದೆ. ಅವರ ಹೆಂಡತಿ ನೀರು ತಂದುಕೊಟ್ಟರು. ಆನಂದಕುಮಾರ, "ನೀವು ದೊಡ್ಡ ಮಂದಿ ರೀ ಮೇಡಂ, ನಿಮಗ ನಡೀತೈತಿ. ನನ್ನ ಕಂಡ್ರ ಗೊರೇಬಾಳದಾಗ ಕಲ್ಲು ಹೊಡಿತಾರ್ರಿ" ಅಂದರು. ಹೊರಗೆ ಬಂದ ಮೇಲೆ, ಆ ನೀರನ್ನು ನಾನು ಕುಡಿದೇ ಇರಲಿಲ್ಲ ಎಂದು ಹೊಳೆಯಿತು.

ನೀನು ಫೋನು ಮಾಡಿದ ಹನ್ನೊಂದನೆಯ ದಿನ ನಿಮ್ಮವ್ವ ತೀರಿಕೊಂಡರು. ಭೀಮೇಶ ಸುದ್ದಿ ಮುಟ್ಟಿಸಿದ. ಸಕ್ಕರೆ ಕಾಯಿಲೆ ಹೆಚ್ಚಾಗಿ ಹೋದರು ಎಂದು ಊರಲ್ಲಿ ಹೇಳಿದರು. ನಾನು ಬಂದಿದ್ದೆ. ನಿನಗೆ ಕಾಣದ ಹಾಗೆ ಕಾಲುವೆಯ ಏರಿಯ ಮೇಲೆ ನಿಂತಿದ್ದೆ. ನಿಮ್ಮ ಹೊಲದ ಅಂಚಿನಲ್ಲಿ ಮಣ್ಣು ಮಾಡುತ್ತಿದ್ದರು. ಚನ್ನವೀರ ಅಶ್ವಿನಿಯನ್ನು ಎತ್ತಿಕೊಂಡು ದೂರದ ಬದುವಿನ ಮೇಲೆ ಹೊರಗಿನವನ ಹಾಗೆ ನಿಂತಿದ್ದ. ಮಣ್ಣು ಹಾಕುವ ಹೊತ್ತಿಗೆ ನಿಮ್ಮಪ್ಪ ಜನರ ನಡುವಿನಿಂದ ಎದ್ದು ಅವನ ಕಡೆಗೆ ನಡೆದು ಹೋದರು. ತೋಳು ಹಿಡಿದು ಎಳೆದರು. ಅವನು ಬರಲಿಲ್ಲ. ಅಷ್ಟು ದೂರಕ್ಕೆ ಮಾತು ಕೇಳಿಸಲಿಲ್ಲ. ನಿಮ್ಮಪ್ಪ ಒಬ್ಬರೇ ವಾಪಸು ಬಂದದ್ದು ಕಂಡಿತು.

ಈಗ ಅವರ ಮಾತು. ಹೋದ ತಿಂಗಳ ಕೊನೆಯಲ್ಲಿ ಗೊರೇಬಾಳಕ್ಕೆ ಹೋದೆ. ಹೊಡೆದರೆ ಹೊಡೆಯಲಿ ಎಂದೇ ಹೋಗಿದ್ದೆ. ಭತ್ತ ಕೊಯ್ಯುವ ಯಂತ್ರ ಪಕ್ಕದ ಗದ್ದೆಯಲ್ಲಿ ಓಡುತ್ತಿತ್ತು. ನಿಮ್ಮಪ್ಪ ಬದುವಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬಾ" ಅಂದರು, ಅಷ್ಟೇ. ಪಕ್ಕದಲ್ಲಿ ಕೂತೆ. ಅವರಾಗಿಯೇ ಮಾತು ತೆಗೆದರು.

ಮದುವೆಯಾದ ಎರಡನೆಯ ವರ್ಷ ಅವರು ತಮ್ಮ ಅಣ್ಣನ ಜೊತೆ ಜಗಳವಾಡಿ, ಹೆಂಡತಿಗೂ ಹೇಳದೆ ಊರು ಬಿಟ್ಟಿದ್ದರಂತೆ. ಎಂಟು ತಿಂಗಳು ಸೋಲಾಪುರದ ಗಿರಣಿಯಲ್ಲಿ ಮೂಟೆ ಹೊತ್ತರು. ಒಂದು ಪತ್ರವಿಲ್ಲ, ಸುದ್ದಿಯಿಲ್ಲ. ತಿರುಗಿ ಬಂದ ಏಳನೆಯ ತಿಂಗಳಿಗೆ ಚನ್ನವೀರ ಹುಟ್ಟಿದ. "ಏಳು ತಿಂಗಳಿಗೇ ಹಡದಾಳ ಅಂದ್ರು. ಕೂಸು ನೋಡಿದೆ, ತುಂಬಿದ ಕೂಸು. ಸೂಲಗಿತ್ತಿ ಮಾರಿ ನೋಡಿದೆ. ಆಕಿ ನೆಲಾ ನೋಡಿದ್ಲು. ನನಗ ಅವತ್ತ ತಿಳೀತು" ಅಂದರು. "ಬಿಟ್ಟು ಹೋದಾಂವ ನಾನು. ಯಾವ ಬಾಯಿಲೆ ಕೇಳ್ಲಿ? ಮಗನ್ನ ಎತ್ತಿಕೊಂಡೆ. ಎತ್ತಿಕೊಂಡ ಮ್ಯಾಲ ಅಂವ ನನ್ನ ಮಗನ" ಅಂದರು. ಮೂವತ್ತೇಳು ವರ್ಷ ಯಾರಿಗೂ ಹೇಳಲಿಲ್ಲ, ಆಕೆಗೂ ಹೇಳಲಿಲ್ಲ.

ಅವ್ವ ಮಸ್ಕಿಗೆ ಹೋದ ಹತ್ತು ದಿನಕ್ಕೆ, ನಾನು ಕಾಗದ ಕೊಡಲಾರೆ ಅಂದ ಮೇಲೆ, ಅವರೂ ಹಿಂದೆ ಹೋದರಂತೆ, ನಿನಗೆ ತಿಳಿಸದೆ. ಗುಡ್ಡದ ಕೆಳಗಿನ ಆ ಮನೆಯ ಪಡಸಾಲೆಯಲ್ಲಿ ಕೂತು, ಸಮಾಧಾನವಾಗಲಿ ಎಂದು, "ನನಗ ಮೊದಲಿಂದ ಗೊತ್ತೈತಿ, ನಡಿ ಮನಿಗೆ" ಎಂದು ಹೇಳಿದರು. ನಿಮ್ಮವ್ವ, "ಇಷ್ಟ ವರ್ಷ ನಿಮ್ಮ ಮುಂದ ಗಂಗಾಳ ಇಡುವಾಗ ದಿನಾ ನನ್ನ ಕೈ ನಡಗತಿತ್ತು ರೀ. ನಿಮಗ ಗೊತ್ತಿತ್ತು. ನೋಡಿಕೋತ ಉಂಡ್ರಿ" ಅಂದರು. ಮತ್ತೆ ಅವರ ಜೊತೆ ಮಾತಾಡಲಿಲ್ಲ. ನಿಮ್ಮಪ್ಪ ಇನ್ನೆರಡು ಸಲ ಹೋದರು, ನಿಮ್ಮವ್ವ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ತೀರಿಕೊಂಡ ಮೇಲೆ ಚಿಗವ್ವ ಫ್ರಿಜ್ಜಿನ ಬಾಗಿಲಲ್ಲಿ ನೋಡಿದರೆ ಇನ್ಸುಲಿನ್ ಸೀಸೆಗಳು ತೆರೆಯದೇ ಹಾಗೆಯೇ ಇದ್ದವು. ಸೂಜಿ ಚುಚ್ಚಿಕೊಂಡೆ ಎಂದು ದಿನಾ ಸುಳ್ಳು ಹೇಳುತ್ತಿದ್ದರಂತೆ.

ನಿಮ್ಮಪ್ಪ ಹೇಳಿ ಕಳಿಸಿದ್ದು ಇದು. ಅವರದೇ ಮಾತಿನಲ್ಲಿ ಬರೆಯುತ್ತೇನೆ. "ಗಂಗಾ ನನ್ನ ಮ್ಯಾಲ ಸಿಟ್ಟು ಮಾಡಿ ಮಾತು ಬಿಟ್ಟಾಳ. ನಾ ಅವ್ವನ್ನ ಹೊರಗ ಹಾಕೀನಿ ಅಂತ ತಿಳಕೊಂಡಾಳ. ಹಾಕಿಲ್ಲ ಅಂತ ನೀನ ಹೇಳು. ನನ್ನ ಬಾಯಾಗ ಬರಂಗಿಲ್ಲ. ಆದ್ರ ಒಂದ ನಮೂನಿ ನಾನ ಕೊಂದೀನಿ, ಅದನ್ನೂ ಹೇಳು."

ಹೇಳಿದ್ದೇನೆ. ಅವರನ್ನು ನೋಡಲು ಹೋಗು, ಗಂಗಾ. ಅಡಿಗೆಯ ಒಲೆ ಹತ್ತಿದ ಗುರುತು ಆ ಮನೆಯಲ್ಲಿ ಕಾಣಲಿಲ್ಲ.

ನೀನು ಕೇಳಿದ ಕಾಗದ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಅವರನ್ನು ಕೇಳಿದೆ. ಕೇಳಬಾರದಿತ್ತು. "ಕೊಟ್ಟಿದ್ರ ಊರು ನಂಬತಿತ್ತು. ಊರಿಗೂ ಒಂದು ನೆವ ಬೇಕಾಗಿತ್ತು. ಆಕಿ ತೆಲಿ ಎತ್ತಿ ಮನಿಗೆ ಬರತಿದ್ಲು. ನಾ ಬಾಯಿ ಬಿಡೂ ಗರಜ ಬೀಳತಿರಲಿಲ್ಲ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಹೊರಡುವಾಗ, ಕೂಸಿಗೆ ಕಿವಿ ಬರುತ್ತವೆಯೇ ಎಂದು ಕೇಳಿದರು. ಇಲ್ಲ ಅಂದೆ. ಎಲ್ಲಿಂದ ಬಂತು ಎಂದಷ್ಟೇ ನಮಗೆ ತಿಳಿಯಿತು. ಕಿವಿಯೊಳಗೆ ಯಂತ್ರ ಕೂರಿಸುವುದಾದರೆ ಎರಡು ಮೂರು ವರ್ಷದವಳಿದ್ದಾಗ ಆಗಬೇಕಿತ್ತು, ಈಗ ಅವಳಿಗೆ ಏಳು. ಅದಕ್ಕೆ ನನ್ನ ಸಂಶೋಧನೆ ಬೇಕಿರಲಿಲ್ಲ. ರಾಯಚೂರಿಗೆ ಒಮ್ಮೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ನಾವಿಬ್ಬರೂ ಓದಿದವರು, ಕಟ್ಟೆಯ ಮೇಲೆ ಕೂತು ಮಾತಾಡಿದೆವು.

ಆ ಇನ್ನೊಬ್ಬ ಗಂಡಸು ಯಾರು ಎಂದು ನಾನು ಹುಡುಕಿಲ್ಲ. ನಮ್ಮ ಬಳಿ ಗೊರೇಬಾಳದ ಬೇರೆ ಮನೆಗಳ ಮಾದರಿಯೂ ಇತ್ತು, ಹುಡುಕಿದ್ದರೆ ಸಿಗಬಹುದಿತ್ತು. ಹುಡುಕಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಇದೊಂದೇ ಇದೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ನಿನ್ನಿಂದ ಅದನ್ನು ಬೇಡುವುದೂ ಒಂದು ಸುಲಿಗೆ. ಉತ್ತರ ಬರೆಯಬೇಡ. ಅಪ್ಪನ ಬಳಿ ಹೋಗು, ಸಾಕು.

ಒಂದು ಕಾಲಕ್ಕೆ ನಿನ್ನವಳಾಗಿದ್ದ
ಅನುಪಮಾ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಲಕೋಟೆ ಅಂಟಿಸಿ ಅಂಚೆ ಡಬ್ಬಿಯ ತನಕ ಹೋಗಿ ವಾಪಸು ತಂದು ಹರಿದೆ. ಇದನ್ನು ಬಿಟ್ಟು ಕಳಿಸಿದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ಉಗುಳು ಕೊಟ್ಟ ಎಂಟನೆಯ ದಿನ ನಿಮ್ಮವ್ವ ನನಗೆ ಫೋನು ಮಾಡಿದ್ದರು. ನಿನ್ನ ಫೋನಿನಿಂದಲೇ, ನೀನು ಸ್ನಾನಕ್ಕೆ ಹೋದಾಗ. "ತಂಗಿ, ನಂದು ಆ ನಳಿಗಿ ಚೆಲ್ಲಿಬಿಡವ್ವ. ಅವರದೆಲ್ಲ ಇಟಗೋ. ನಂದೊಂದು ಬ್ಯಾಡ. ಯಾಕ ಅಂತ ಕೇಳಬ್ಯಾಡ" ಅಂದರು. ಹಾಗೆ ಕೇಳುವ ಹಕ್ಕು ಅವರಿಗಿತ್ತು, ಚೆಲ್ಲುವುದು ನನ್ನ ಕರ್ತವ್ಯವಾಗಿತ್ತು. ನೀನು ಓದಿ ಹೇಳಿದ ಫಾರಂನಲ್ಲೇ ಅದು ಬರೆದಿತ್ತು. ಅಜ್ಜಿಯ ಮಾದರಿ ಇಲ್ಲದಿದ್ದರೆ ಮೂರು ತಲೆಮಾರು ಪೂರ್ತಿಯಾಗುತ್ತಿರಲಿಲ್ಲ, ನಿಮ್ಮ ಮನೆತನವನ್ನೇ ಸಂಶೋಧನೆಯಿಂದ ಕೈಬಿಡಬೇಕಾಗುತ್ತಿತ್ತು, ಆ ಹಾಳೆಯಲ್ಲಿ ನಿಮ್ಮ ಸಾಲೇ ಇರುತ್ತಿರಲಿಲ್ಲ. ಕೈಬಿಟ್ಟರೆ ಮನೆತನಗಳ ಸಂಖ್ಯೆ ಸಾಲದೆ ಪ್ರಬಂಧ ನಿಲ್ಲುತ್ತಿತ್ತು.

"ಆತವ್ವಾ, ಇವತ್ತ ಚೆಲ್ಲತೀನಿ" ಅಂದೆ.

"ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿ ಫೋನು ಇಟ್ಟರು.

ಅದು ಇನ್ನೂ ಹೈದರಾಬಾದಿನ ಫ್ರೀಜರಿನಲ್ಲಿದೆ. ಕೆಲಸ ಬಿಟ್ಟಿರುವುದರಿಂದ ಚೆಲ್ಲಿಸುವ ಅಧಿಕಾರ ನನಗಿಲ್ಲ. ತೀರಿಕೊಂಡವರದಾದರೆ ಮಗ ಅಥವಾ ಮಗಳು ಅರ್ಜಿ ಕೊಡಬೇಕಂತೆ. ಅರ್ಜಿಯನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಸಹಿ ಒಂದು ಬೇಕು.